ನೀರಿನ ಮೇಲೆ ಅರ್ತಿಂಗ್

ಮನೆಯಾದರೆ ಸುಲಭ.
ಬಚ್ಚಲ ಹಿಂದೆ ಎಂಟಡಿ ಗುಂಡಿ, ಒಂದು ಜಿಐ ಪೈಪು,
ಇದ್ದಿಲು ಒಂದು ಪದರ, ಕಲ್ಲುಪ್ಪು ಒಂದು ಪದರ,
ಬೇಸಿಗೆಯಲ್ಲಿ ಮರೆಯದೆ ಒಂದು ಕೊಡ ನೀರು.
ಸಾಗರ ಪೇಟೆಯಲ್ಲಿ ಹೀಗೆ ನಾನು ಹೂತ ಪೈಪುಗಳು
ಇನ್ನೂರಕ್ಕೆ ಕಮ್ಮಿ ಇಲ್ಲ.

ಕನ್ನಪ್ಪನ ಹಾಯಿದೋಣಿಗೆ
ಗುಂಡಿ ಎಲ್ಲಿ ತೋಡಲಿ?

ಕಾರವಾರದಿಂದ ಲಾರಿ ಮೇಲೆ ಬಂದ ದೋಣಿ,
ನನಗಿಂತ ಎರಡು ವರ್ಷ ಹಿರಿದು.
ಶರಾವತಿ ಹಿನ್ನೀರಲ್ಲಿ ಶಾಲೆ ಮಕ್ಕಳನ್ನು ಕೂರಿಸಿಕೊಂಡು
ಗಾಳಿಯ ದಿಕ್ಕು ಕಲಿಸುತ್ತದೆ.
ಕಳೆದ ಸ್ವಾತಿ ಮಳೆಯ ಸಂಜೆ
ಹಾಯಿಕಂಬದ ನೆತ್ತಿಗೆ ಸಿಡಿಲು.
ಮಕ್ಕಳಿರಲಿಲ್ಲ, ಪುಣ್ಯ.
ಕನ್ನಪ್ಪ ಒಬ್ಬನೇ ಹಾಯಿ ಮಡಚುತ್ತಿದ್ದ.
ಈಗ ಅವನ ಎಡಗಿವಿಯಲ್ಲಿ ಹಗಲೂ ರಾತ್ರಿ
ಜೋಗ ಬೀಳುತ್ತದಂತೆ;
ಬೇರೇನೂ ಕೇಳುವುದಿಲ್ಲ.

ದಡಕ್ಕೆಳೆದು ಮರದ ಊರೆ ಕೊಟ್ಟು ನಿಲ್ಲಿಸಿದ್ದರು.
ಹಲಗೆ ಎತ್ತಿ ಹೊಟ್ಟೆಯೊಳಗೆ ಇಳಿದೆ, ಟಾರ್ಚು ಹಲ್ಲಲ್ಲಿ.
ಡೀಸೆಲ್ಲು, ಹಳೇ ನೀರು, ಇಲಿಪಿಕ್ಕೆ.
ಕಂಬದ ಬುಡದಿಂದ ಒಂದು ಹಸಿರು ತಂತಿ ಹೊರಟಿದೆ,
ಎಂಜಿನ್ನಿನ ಬೆನ್ನಿನಿಂದ ಒಂದು,
ಚುಕ್ಕಾಣಿಯ ಗೂಟದಿಂದ ಒಂದು.
ಸಿಪ್ಪೆ ಸುಲಿದರೆ ಒಳಗಿನ ತಾಮ್ರವೂ ಹಸಿರೇ,
ಕಿಲುಬು ಹಿಡಿದು ಪುಡಿಪುಡಿ.
ಮೂರೂ ಒಟ್ಟು ಸೇರುವ ಕಡೆ
ಎಡಕ್ಕೆ ಮೂರು ಸುತ್ತು ತಿರುಚಿ, ಬಟ್ಟೆಯ ಟೇಪು ಸುತ್ತಿ,
ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸಿ,
ಅಷ್ಟೇ. ಅಲ್ಲಿಂದ ಎಲ್ಲಿಗೂ ಹೋಗಿಲ್ಲ.

ಎಡಕ್ಕೆ ತಿರುಚುವ ಎಲೆಕ್ಟ್ರಿಷಿಯನ್
ಈ ತಾಲ್ಲೂಕಿನಲ್ಲಿ ಒಬ್ಬನೇ ಇರುವುದು.
ಎಡಗೈಯವನು. ನಾನು.

ಹದಿನಾಲ್ಕು ವರ್ಷದ ಹಿಂದೆ. ಐಟಿಐ ಮುಗಿದು ಆರು ತಿಂಗಳು.
ದೀಪ ಹಾಕಲು ಕರೆದಿದ್ದರು.
ಈ ತಂತಿ ಯಾಕೆ ತುಂಡಾಗಿದೆ ಎಂದು ಕೇಳಿದ್ದು ಕನ್ನಪ್ಪನೇ.
'ನೀರ ಮೇಲೆ ಎಂಥಾ ಅರ್ತಿಂಗ್ ಮಾರಾಯ್ರೇ,
ಭೂಮಿಯೇ ಇಲ್ಲವಲ್ಲ' ಎಂದು ನಕ್ಕು
ಒಂದು ಕಟ್ಟು ಹಾಕಿ
ತಾಳಗುಪ್ಪದ ಕಡೇ ಬಸ್ಸು ಹಿಡಿದಿದ್ದೆ.

ಭೂಮಿ ಇತ್ತು. ಅರವತ್ತು ಅಡಿ ಕೆಳಗೆ,
ಅವನಜ್ಜನ ಕಣದ ಕಲ್ಲು ಸಮೇತ.
ಸಿಹಿನೀರು ಮಾತ್ರ ಜಿಪುಣ, ಉಪ್ಪುನೀರಿನ ಹಾಗೆ
ಕೇಳಿದ ಕೂಡಲೇ ದಾರಿ ಬಿಡುವುದಿಲ್ಲ;
ಹೊರಮೈಗೆ ಅಗಲದ ತಾಮ್ರದ ತಗಡು ಬೇಕು.
ಒಳಗೆ ಕಂಬ, ಎಂಜಿನ್ನು, ಚುಕ್ಕಾಣಿ, ತಳದ ಬೋಲ್ಟು
ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕು.
ಮೇಲು ಕೀಳು ಉಳಿದರೆ ಮಿಂಚು ನಡುವೆ ಜಿಗಿಯುತ್ತದೆ,
ನಡುವೆ ಯಾರಿದ್ದಾರೆ ಎಂದು ನೋಡುವುದಿಲ್ಲ.

ಕಲಾಯಿ ಹಾಕಿದ ತಂತಿ ಮಂಗಳೂರಿಂದ ತರಿಸಿದೆ.
ಲಗ್ಗು ಒತ್ತಿ, ಬೋಲ್ಟು ಬಿಗಿದು, ಗ್ರೀಸು ಬಳಿದು,
ಸವೆದು ಚಪ್ಪಟೆ ಹಪ್ಪಳವಾಗಿದ್ದ ಸತುವಿನ ಬಿಲ್ಲೆ ಕಿತ್ತು
ಹೊಸದು ಕೂರಿಸಿದೆ. ಉಳಿದ ಲೋಹಗಳ ಪಾಲಿನ ಸವೆತವನ್ನೂ
ತಾನೇ ಉಣ್ಣುವ ಬಡಪಾಯಿ ಅದು.
ಮೂರು ದಿನ. ಬೆನ್ನು ಬಿಲ್ಲಾಯಿತು.

ಮೂರನೇ ಸಂಜೆ ಅಂದೆ:
'ಕನ್ನಪ್ಪಣ್ಣ, ಆ ಹಳೇ ಕಟ್ಟು ನಂದೇ.'
ಬಲಗಿವಿ ತಿರುಗಿಸಿದ. ಇನ್ನೊಮ್ಮೆ ಹೇಳಬೇಕಾಯಿತು, ಜೋರಾಗಿ,
ದಡದಲ್ಲಿ ಬಲೆ ಬಿಡಿಸುತ್ತಿದ್ದವರಿಗೂ ಕೇಳುವ ಹಾಗೆ.

'ಗೊತ್ತಿತ್ತು. ಅದಕ್ಕೇ ನಿನ್ನ ಕರೆದದ್ದು.
ಬೇರೆಯವನಾದರೆ ಹುಡುಕಲಿಕ್ಕೇ ಎರಡು ದಿನದ ಕೂಲಿ ಕೇಳ್ತಿದ್ದ.'
ಎಲೆಯಡಿಕೆ ಚೀಲ ಮುಂದೆ ಚಾಚಿದ.
ಸುಣ್ಣ ಜಾಸ್ತಿಯಾಗಿ ನಾಲಗೆ ಸುಟ್ಟಿತು.
ಸುಮ್ಮನೆ ಜಗಿದೆ.

ಕೊನೆಗೆ ಮೀಟರಿನ ಒಂದು ಕಡ್ಡಿ ಕಂಬಕ್ಕೆ,
ಇನ್ನೊಂದು ತಗಡಿಗೆ. ಕೂಗಿತು.
ಕನ್ನಪ್ಪ ಬಗ್ಗಿ ಮೊದಲು ಎಡಗಿವಿ ಇಟ್ಟ.
ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಬಲಗಿವಿ.
ಸಾಕು ಎಂದು ಅವನು ಕೈಸನ್ನೆ ಮಾಡುವವರೆಗೂ
ನಾನು ಕಡ್ಡಿ ತೆಗೆಯಲಿಲ್ಲ.